ಮಾವನವರ ಪೇಟಿಗೆ ಎರಡು ಕೋಟು ಹಸಿರು

ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಒಂದು ಹಾರ್ಮೋನಿಯಂ ಯಾವ ಲೆಕ್ಕ? ಗಾಳಿ ಒಳಗೆ ಹೋಗುತ್ತದೆ, ಸ್ವರವಾಗಿ ಹೊರಗೆ ಬರುತ್ತದೆ. ಇಷ್ಟೇ!

ಕುಂದಗೋಳದ ದಸ್ತಗೀರ ಕಾಕಾ ತಮ್ಮ ವಾದ್ಯದಂಗಡಿಯ ಮಹಡಿಯಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯುವವರಿದ್ದರು. ಹಳೆಯ ವಾದ್ಯಗಳಷ್ಟೇ ಅಲ್ಲ, ಅವನ್ನು ಮಾಡಿದವರ ಹತಾರ, ಮಾರಿದವರ ಬೋರ್ಡು, ಎಲ್ಲವೂ ಅಲ್ಲಿರಬೇಕೆಂದು ಅವರ ಆಸೆ. ಯರಗುಪ್ಪಿಯ ನಮ್ಮ ಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ನನ್ನ ಹೆಂಡತಿ ಗಿರಿಜಾಳ ತಂದೆ ಪ್ರತಿ ಸೋಮವಾರ ಮಠದ ಭಜನೆಗೆ ಅದನ್ನು ನುಡಿಸುತ್ತಿದ್ದರು. ಕಾಕಾ ಅದನ್ನು ಕೇಳಿದಾಗ ಗಿರಿಜಾ ಎರಡು ದಿನ ಯೋಚಿಸಿ, ಕಣ್ಣೊರೆಸಿಕೊಂಡು, ಕೊಡಲು ಒಪ್ಪಿದಳು.

"ಹ್ಯಾಂಗೈತೋ ಹಂಗ ತರ್ರಿ, ಸರ," ಎಂದು ಕಾಕಾ ಫೋನಿನಲ್ಲಿ ಹೇಳಿದ್ದರು. ಪಾಪ, ಸಂಕೋಚದ ಮನುಷ್ಯ, ರಿಪೇರಿ ಮಾಡಿ ತನ್ನಿ ಎನ್ನಲಾರರು ಎಂದುಕೊಂಡೆ.

ಮೊದಲು ಒದ್ದೆ ಬಟ್ಟೆಯಿಂದ, ಗಾಳಿ ತುಂಬುವ ತಿದಿ ಒರೆಸಿದೆ. ಮಡಿಕೆಗಳ ಅಂಟು ಬಿಟ್ಟಿತು. ಸೈಕಲ್ ಪಂಕ್ಚರಿನ ಅಂಟು ಹಚ್ಚಿದೆ. ತಿದಿ ತೆರೆಯಲೇ ಇಲ್ಲ. ಎಳೆದೆ. ಹರಿಯಿತು! ಹಳೆಯ ರೇನ್‌ಕೋಟು ಕತ್ತರಿಸಿ ತೇಪೆ ಹಾಕಿದೆ.

"ಏನ್ ನಡಸೀರಿ ಅಲ್ಲೆ?" ಗಿರಿಜಾ ಒಳಗಿನಿಂದ ಕೇಳಿದಳು.

"ಸಂರಕ್ಷಣಾ ಕಾರ್ಯ!"

"ನಮ್ಮಪ್ಪನ ಪೇಟಿರಿ ಅದು. ನಿಮ್ಮ ಪ್ರಯೋಗ ಸಾಲ್ಯಾಗ ಮಾಡ್ಕೋರಿ."

ತೇಪೆ ಕಾಣದಿರಲು ಬಣ್ಣ ಬೇಕಾಯಿತು. ಗೇಟಿಗೆ ಹಚ್ಚಿ ಉಳಿದಿದ್ದ ಹಸಿರು ಸಿಕ್ಕಿತು. ಮುಚ್ಚಳದ ಒಳಗೆ ಅಂಟಿದ್ದ ಮಾಸಲು ಚೀಟಿಯೊಂದನ್ನು ಚಾಕುವಿನಿಂದ ಕೆರೆದು, ಒಳಗೂ ಹೊರಗೂ ಎರಡು ಕೋಟು ಬಳಿದೆ. ಬಣ್ಣ ಸಂದಿಗಳಿಗೆ ಇಳಿದು, ಬೆರಳಿಡುವ ಪಟ್ಟಿಗಳಲ್ಲಿ ಐದು ಒತ್ತಿದಲ್ಲೇ ಕಚ್ಚಿಕೊಂಡವು.

ಅದರ ಪರಿಣಾಮ ಬಸ್ಸಿನಲ್ಲಿ ತಿಳಿಯಿತು. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ತಿದಿ ತಾನೇ ಆಡಿ, ನನ್ನ ತೊಡೆಯ ಮೇಲಿದ್ದ ಪೇಟಿ ಕರು ಕಳೆದುಕೊಂಡ ಎಮ್ಮೆಯಂತೆ ಒದರತೊಡಗಿತು.

"ಯಪ್ಪಾ, ಸಾಕ್ ಮಾಡೋ ನಿನ್ನ ಭಜನಿ!" ಹಿಂದಿನ ಸೀಟಿನ ಮುದುಕಿ ಗದರಿದಳು.

ಗಿರಿಜಾ ಎದ್ದು ಬೇರೆ ಸೀಟಿಗೆ ಹೋಗಿ, ನನ್ನ ಪರಿಚಯವೇ ಇಲ್ಲದವಳಂತೆ ಕಿಟಕಿಯಾಚೆ ನೋಡುತ್ತ ಕುಳಿತಳು.

ಕಾಕಾ ಪೇಟಿಯನ್ನು ಎರಡೂ ಕೈಯಿಂದ ಇಸಿದುಕೊಂಡು ಮೇಜಿನ ಮೇಲಿಟ್ಟರು. ಅವರ ಅಂಗೈ ಹಸಿರಾಯಿತು. ಮುಚ್ಚಳ ತೆರೆದು ಬಹಳ ಹೊತ್ತು ನೋಡಿದರು.

"ಇಲ್ಲೊಂದು ಚೀಟಿ ಇತ್ತಲ್ರಿ, ಸರ?"

"ಅಗದಿ ಹೊಲಸಾಗಿತ್ರಿ ಕಾಕಾ. ಕೆರೆದು ತಗದೆ!"

"ನಿಮ್ಮ ಮಾವಾರು ಇದನ್ನ ನಮ್ಮ ಅಂಗಡ್ಯಾಗನ ತಗೊಂಡಿದ್ರು. ಚೀಟಿ ಮ್ಯಾಲಿಂದು ನಮ್ಮ ಅಬ್ಬಾನ ಅಕ್ಷರರಿ. ತಾ ಮಾಡಿದ ಪೇಟಿಗೆಲ್ಲ ಹೆಸರು ಬರದು ಹಚ್ಚತಿದ್ದ. ನಮ್ಮಲ್ಲೆ ಒಂದೂ ಉಳದಿಲ್ಲ. ಆ ಚೀಟಿ ಸಲುವಾಗಿನ ನಿಮ್ಮ ಪೇಟಿ ಕೇಳಿದ್ದೆ."

ಗಿರಿಜಾ ಮುಂದೆ ಬಂದು, ಚೀಟಿ ಇದ್ದ ಜಾಗವನ್ನು ಬೆರಳಿನಿಂದ ಸವರಿ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾಕಾ ಬೈಯಲಿಲ್ಲ, ಶಿಕ್ಷೆ ಕೊಟ್ಟರು. ಈಗ ಪ್ರತಿ ರವಿವಾರ ಅದೇ ಮಹಡಿಯಲ್ಲಿ ಕುಳಿತು, ಬಿದಿರಿನ ಕಡ್ಡಿಯಿಂದ ನನ್ನ ಹಸಿರನ್ನು ನಾನೇ ಕೆರೆಯುತ್ತಿದ್ದೇನೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಗಿರಿಜಾ ಕಾವಲಿರುತ್ತಾಳೆ. ನೋಡಲು ಬಂದವರಿಗೆ ಕಾಕಾ ತಂಬೂರಿ, ತಬಲಾ, ಸನಾದಿಗಳನ್ನೆಲ್ಲ ತೋರಿಸಿ ಕೊನೆಗೆ ನನ್ನ ಮುಂದೆ ನಿಲ್ಲುತ್ತಾರೆ.

"ಇವ್ರು ಯರಗುಪ್ಪಿ ಮಾಸ್ತರು," ಎನ್ನುತ್ತಾರೆ. "ಎಲ್ಲಾ ವಾದ್ಯ ಮುಟ್ಟಿ ನೋಡ್ರಿ, ಅಡ್ಡಿಯಿಲ್ಲ. ಇವರ ಕೈಯಾಗ ಮಾತ್ರ ಏನೂ ಕೊಡಬ್ಯಾಡ್ರಿ!"