ಸೆಲ್ಫ್ ಇಲ್ಲದ ಜೀಪಿನ ದಿಗ್ವಿಜಯ

"ಬರೋ ಜೂನ್ ತಿಂಗಳಲ್ಲಿ ಈ ಜೀಪು ಲಡಾಖಿನ ಹಿಮದ ನಡುವೆ ನಿಂತಿರುತ್ತೆ, ಬರೆದಿಟ್ಕೋ!" ಎಂದು ನಂದೀಶ್ವರಯ್ಯ ಮೇಷ್ಟ್ರು ಬಾನೆಟ್ಟಿನ ಮೇಲೆ ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ಒಂದು ಹೆಡ್‌ಲೈಟು ಕಳಚಿಕೊಂಡು ನೇತಾಡಿತು.

"ನಿಂತಿರುತ್ತೆ ಅನ್ನೋದ್ರಲ್ಲಿ ನನಗೇನೂ ಅನುಮಾನ ಇಲ್ಲ," ಎಂದರು ಹೆಂಡತಿ ಸರ್ವಮಂಗಳಾ, ಹೂ ಕಟ್ಟುತ್ತಲೇ.

ಮೇಷ್ಟ್ರು ಮಧುಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ಸರ್ವಮಂಗಳಾ ಹೈಸ್ಕೂಲಿನಲ್ಲಿ ಕನ್ನಡ ಹೇಳುವವರು. ಆ ಮನೆಯಲ್ಲಿ ಒಬ್ಬರು ಮಾತಾಡುವುದು, ಇನ್ನೊಬ್ಬರು ಆ ಮಾತಿನ ಇನ್ನೊಂದು ಅರ್ಥ ಹೇಳುವುದು, ಇಪ್ಪತ್ತೈದು ವರ್ಷಗಳಿಂದ ನಡೆದುಬಂದ ಪದ್ಧತಿ. ಇಷ್ಟು ವರ್ಷದಲ್ಲಿ ಮೇಷ್ಟ್ರು ಒಂದು ಸಲವೂ ಗೆದ್ದ ದಾಖಲೆ ಇಲ್ಲ.

ಜೀಪು ಸಾವಿರದ ಒಂಬೈನೂರ ಅರವತ್ತೆರಡರದು, ಅಂದರೆ ಮೇಷ್ಟ್ರಿಗಿಂತ ಹಿರಿಯದು. ಹಿರಿಯರಿಗೆ ಇರುವ ಕಾಯಿಲೆಗಳೆಲ್ಲ ಅದಕ್ಕೂ ಇದ್ದವು. ಕೆಮ್ಮುತ್ತಿತ್ತು, ಸೋರುತ್ತಿತ್ತು, ಬೆಳಗ್ಗೆ ಏಳಲು ಒಪ್ಪುತ್ತಿರಲಿಲ್ಲ. ಕೊರಟಗೆರೆಯ ಮೆಕ್ಯಾನಿಕ್ ಕಾಡಸಿದ್ದಪ್ಪ ನಾಡಿ ಹಿಡಿದು ನೋಡಿ ತೀರ್ಪು ಕೊಟ್ಟಿದ್ದ: "ಸೆಲ್ಫ್ ಸ್ಟಾರ್ಟರು ಸತ್ತೋಗದೆ ಸಾ. ಸಾಮಾನು ದೂರದಿಂದ ಬರ್ಬೇಕು. ಅಲ್ಲಿಗಂಟ ತಳ್ಕಂಡ್ ಓಡಾಡಿ." ಹಳೆಯ ಜೀಪಿನ ಮೂತಿಗೆ ಹ್ಯಾಂಡಲ್ ತೂರಿಸಿ ತಿರುವಿ ಎಬ್ಬಿಸುವ ಉಪಾಯವೂ ಉಂಟಲ್ಲ? ಉಂಟು. ಆದರೆ ಆ ಹ್ಯಾಂಡಲನ್ನು ಹಿಂದಿನ ಮಾಲೀಕರು ಬಾಗಿಲಿಗೆ ಅಗುಳಿ ಮಾಡಿಕೊಂಡು ಮನೆ ಬೀಗ ಹಾಕಿ ಎಲ್ಲಿಗೋ ಹೋಗಿಬಿಟ್ಟಿದ್ದರು!

"ಜೀಪಿಗೆ ಸೆಲ್ಫ್ ಇಲ್ಲ, ನಿಮಗೆ ರೆಸ್ಪೆಕ್ಟ್ ಇಲ್ಲ. ಒಳ್ಳೇ ಜೋಡಿ," ಎಂದರು ಸರ್ವಮಂಗಳಾ.

"ನಮ್ಮ ಬೀದಿ ಇಳಿಜಾರು ಕಣೇ! ಬೆಟ್ಟದ ಬುಡದಲ್ಲಿ ಮನೆ ಮಾಡಿರೋದ್ಯಾಕೆ? ಬ್ರೇಕ್ ಬಿಟ್ರೆ ಉರುಳುತ್ತೆ, ಉರುಳಿದ್ರೆ ಸ್ಟಾರ್ಟ್ ಆಗುತ್ತೆ. ಗುರುತ್ವಾಕರ್ಷಣೆ ಇರೋದೇ ನನ್ನಂಥ ಗುರುಗಳ ಸೇವೆಗೆ."

ಸರ್ವಮಂಗಳಾ ಹೂವಿನ ದಾರವನ್ನು ಹಲ್ಲಿನಿಂದ ಕಡಿದು, ಷರತ್ತು ಹಾಕಿದರು. "ಸರಿ. ಇಲ್ಲಿಂದ ಪಾವಗಡ, ಅಲ್ಲಿಂದ ಬರಗೂರಿನ ನನ್ನ ತಂಗಿ ಮನೆ, ಶಿರಾ ಮೇಲೆ ವಾಪಸ್ಸು. ಒಂದೇ ದಿನ. ಯಾರೂ ಒಂದು ಸಲವೂ ತಳ್ಳದೆ ಈ ಜೀಪು ಮನೆ ಸೇರಿದ್ರೆ ಲಡಾಖಿಗೆ ನನ್ನ ಒಪ್ಪಿಗೆ. ಒಬ್ಬರು ಹಿಂದಿನಿಂದ ಕೈ ಹಾಕಿದ್ರೂ ನಾಳೆನೇ ಗುಜರಿಗೆ. ನೋಡೋಕೆ ನಾನೂ ಬರ್ತೀನಿ."

"ಒಪ್ಪಿದೆ!" ಎಂದರು ಮೇಷ್ಟ್ರು. ಹೆಂಡತಿಯ ಷರತ್ತನ್ನು ಪೂರ್ತಿ ಕೇಳಿಸಿಕೊಳ್ಳದೆ ಒಪ್ಪುವುದು ಅವರ ಹಳೆಯ ಚಾಳಿ.

ಭಾನುವಾರ ಬೆಳಗ್ಗೆ ಜೀಪು ಬೀದಿಯಲ್ಲಿ ಉರುಳಿತು, ಗರ್ಜಿಸಿತು, ಎರಡು ನಾಯಿಗಳನ್ನು ಊರು ಬಿಡಿಸಿತು. ಆದರೆ ಊರಾಚೆಯ ತಿರುವಿನಲ್ಲಿ ಭೌತಶಾಸ್ತ್ರದ ಹೊಸ ನಿಯಮವೊಂದು ಮೇಷ್ಟ್ರಿಗೆ ಹೊಳೆಯಿತು. ಆಕ್ಸಿಲರೇಟರಿನ ಮೇಲಿನ ಕಾಲು ಒಂದಿಷ್ಟು ಸಡಿಲವಾದರೂ ಇಂಜಿನ್ನಿನ ಪ್ರಾಣ ಗಂಟಲಿಗೆ ಬರುತ್ತಿತ್ತು. ಕಾಲು ಎತ್ತಿದರೆ ಪ್ರಾಣವೇ ಹೋಗುತ್ತಿತ್ತು! ಅಂದರೆ ಜೀಪು ನಿಲ್ಲಬಹುದು, ಮೇಷ್ಟ್ರು ಇಳಿಯುವಂತಿಲ್ಲ.

"ಯಾಕ್ರೀ, ಮುಖ ಹಂಗಾಯ್ತು?"

"ಏನಿಲ್ಲ. ಗಾಳಿ."

ಐ.ಡಿ.ಹಳ್ಳಿಯಲ್ಲಿ ಯಾರೂ ಐ.ಡಿ. ಕೇಳಲಿಲ್ಲ. ಹೊಲದಲ್ಲಿದ್ದವರು ಸದ್ದಿಗೆ ತಲೆಯೆತ್ತಿ, ಬೋರ್‌ವೆಲ್ ಲಾರಿ ಬಂತೆಂದು ಆಸೆಪಟ್ಟು, ಮತ್ತೆ ತಲೆ ತಗ್ಗಿಸಿದರು. ಪಾವಗಡದ ಕೋಟೆಬೆಟ್ಟ ಕಾಣುವ ಹೊತ್ತಿಗೆ ಮೇಷ್ಟ್ರ ಬಲಗಾಲು ಮರಗಟ್ಟಿತ್ತು. ಬಸ್‌ಸ್ಟ್ಯಾಂಡಿನ ಬಳಿ ಭೀಮರಾಜು ಎಂಬವನ ಟೀ ಅಂಗಡಿಯ ಮುಂದೆ ಜೀಪನ್ನು ಗುರುಗುಟ್ಟಿಸುತ್ತ ನಿಲ್ಲಿಸಿದರು.

"ಇಂಜಿನ್ ಆಫ್ ಮಾಡಿ ದಿಗಂಡಿ ಸಾರ್, ಬೆಂಚೈತಲ್ಲ!" ಎಂದ ಭೀಮರಾಜು. ಪಾವಗಡದಲ್ಲಿ ಕನ್ನಡವೂ ತೆಲುಗೂ ಒಂದೇ ಲೋಟದಲ್ಲಿ ಬರುತ್ತವೆ. ದಿಗಂಡಿ ಅಂದರೆ ಇಳೀರಿ.

"ದಿಗೋ ಹಂಗಿಲ್ಲಪ್ಪ, ಇಲ್ಲಿಗೇ ಕೊಡು."

"ಕಾಲು ಬಾಗೋದಿಲ್ವಾ ಸಾರ್? ಪಾಪಂ."

ಅಷ್ಟರಲ್ಲಿ ಮೇಷ್ಟ್ರ ತಲೆಯಲ್ಲಿ ಮಿಂಚು ಹೊಡೆಯಿತು. ಹೆಂಡತಿಯ ಕಡೆ ತಿರುಗಿ, "ಮಂಗಳಾ! ದಿಗದೇ ಊರೂರು ಗೆಲ್ಲೋದಕ್ಕೇ ಕಣೇ ದಿಗ್ವಿಜಯ ಅನ್ನೋದು!" ಎಂದು ಕೂಗಿದರು.

ಸರ್ವಮಂಗಳಾ ಬಾಯಿ ತೆರೆದರು. ಮುಚ್ಚಿದರು. ಇಪ್ಪತ್ತೈದು ವರ್ಷದಲ್ಲಿ ಮೊದಲ ಗೆಲುವು! ಆ ಸಂಭ್ರಮಕ್ಕೆ ಮೇಷ್ಟ್ರು ಒಂದಲ್ಲ, ಮೂರು ಟೀ ಕುಡಿದರು. ಗೆಲುವು ತಲೆಗೇರಿತು. ಟೀ ಬೇರೆ ದಿಕ್ಕು ಹಿಡಿಯಿತು.

ಬರಗೂರಿನಲ್ಲಿ ನಾದಿನಿ ಲೋಹಿತಾ ಬಾಗಿಲಲ್ಲೇ ಕಾಯುತ್ತಿದ್ದಳು. ಸರ್ವಮಂಗಳಾ ಇಳಿದು ಒಳಗೆ ಹೋದರು. ಮೇಷ್ಟ್ರು ಸೀಟಿನಲ್ಲೇ ಕೂತು ಜೀಪಿನಿಂದ ಹೊಗೆ ಬಿಡಿಸುತ್ತಿದ್ದರು.

"ಇಳೀರಿ ಭಾವ! ನಮ್ಮನೆ ನೆಲ ಏನ್ ಕಚ್ಚತದಾ?"

"ಕಾಲೆತ್ತೋ ಹಂಗಿಲ್ಲಮ್ಮ. ಎತ್ತಿದ್ರೆ ಲಡಾಖ್ ಹೋಯ್ತು."

ಲೋಹಿತಾಗೆ ಅರ್ಥವಾಗಲಿಲ್ಲ. ಆದರೂ ಒಬ್ಬಟ್ಟಿನ ತಟ್ಟೆಯನ್ನು ಸ್ಟೇರಿಂಗಿನ ಮೇಲಿಟ್ಟು, ಮಜ್ಜಿಗೆಯನ್ನು ತಂಬಿಗೆಯಲ್ಲೇ ಕೈಗೆ ಕೊಟ್ಟಳು. "ಅಕ್ಕನ್ ಕೈಗೆ ಕೊಟ್ಟು ಇಳೀಬಾರ್ದಾ? ಅಪ್ಪನ್ ಟ್ರ್ಯಾಕ್ಟರ್ನ ಈ ಊರಲ್ಲಿ ಅವಳೇ ಅಲ್ವಾ ಓಡಿಸ್ತಿದ್ದಿದ್ದು!"

ಮೇಷ್ಟ್ರು ಮಜ್ಜಿಗೆ ಮೂಗಿಗೇರುವಷ್ಟು ನಕ್ಕರು. "ಟ್ರ್ಯಾಕ್ಟರ್ ಬೇರೆ, ವಿಂಟೇಜ್ ಬೇರೆ ಕಣಮ್ಮ. ಇದಕ್ಕೆ ಒಂದು ನಾಜೂಕು ಬೇಕು."

ಒಳಗೆ ಅಕ್ಕತಂಗಿಯರ ಮಾತು ಒಂದು ಗಂಟೆ ನಡೆಯಿತು. ಹೊರಗೆ ಮೇಷ್ಟ್ರು ಕೂತಲ್ಲೇ ಚಡಪಡಿಸಿದರು, ಹೊರಳಿದರು, ಹಾರನ್ ಹೊಡೆದರು. ಹಾರನ್ನಿಗೆ ಓಗೊಟ್ಟು ಲೋಹಿತಾ ಇನ್ನೊಂದು ತಂಬಿಗೆ ಮಜ್ಜಿಗೆ ತಂದಳು.

ಶಿರಾ ಬಂದಾಗ ಮೇಷ್ಟ್ರ ತೊಂದರೆ ಶಿರದಲ್ಲಿರಲಿಲ್ಲ, ಅದಕ್ಕಿಂತ ಬಹಳ ಕೆಳಗಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಅವರ ಬಾಯಿಂದ "ಶಿವಾ!" ಎಂಬ ಉದ್ಗಾರ ಬರುತ್ತಿತ್ತು.

"ಭಕ್ತಿ ಜಾಸ್ತಿ ಆಯ್ತಲ್ರೀ ಇವತ್ತು!"

"ಮಂಗಳಾ, ನಿನ್ನ ದಮ್ಮಯ್ಯ. ಮೂರು ಟೀ, ಎರಡು ತಂಬಿಗೆ ಮಜ್ಜಿಗೆ. ಇನ್ನು ಒಂದು ಹಳ್ಳ ಹಾರಿಸಿದ್ರೂ ನಾನು ಮನುಷ್ಯನಾಗಿ ಉಳಿಯಲ್ಲ!"

ಮಧುಗಿರಿ ರಸ್ತೆಯ ಹುಣಸೆಮರಗಳ ಸಾಲಿನಲ್ಲಿ ಜೀಪು ನಿಂತಿತು. ನೆಲ ಅಂಗೈಯಷ್ಟು ಸಪಾಟು. ಅಧಿಕಾರ ಹಸ್ತಾಂತರ, ಅಲ್ಲ, ಪಾದಾಂತರ ನಡೆಯಿತು. ಸರ್ವಮಂಗಳಾ ಈಚೆಗೆ ಜರುಗಿ, ಮೇಷ್ಟ್ರ ಕಾಲಿನ ಪಕ್ಕಕ್ಕೇ ತಮ್ಮ ಕಾಲು ತೂರಿಸಿದರು. ಮದುವೆಯಲ್ಲಿ ಕಾಲುಂಗುರ ತೊಡಿಸಿದ ಮೇಲೆ ಮೇಷ್ಟ್ರು ಆ ಪಾದಕ್ಕೆ ಇಷ್ಟು ಶ್ರದ್ಧೆ ತೋರಿಸಿದ್ದು ಇದೇ ಮೊದಲು.

"ಇದೊಂದನ್ನ ಒತ್ತಿಕೊಂಡು ಕೂತಿರು. ಬೇರೆ ಏನೂ ಮುಟ್ಟಬೇಡ!" ಎಂದವರೇ ಪೊದೆಯತ್ತ ಓಡಿದರು.

ಆ ಕ್ಷಣದ ನೆಮ್ಮದಿಯ ಮುಂದೆ ಲಡಾಖ್ ಏನು, ಕೈಲಾಸವೂ ಸಣ್ಣದು! ಮೇಷ್ಟ್ರು ಕಣ್ಣು ಮುಚ್ಚಿದ್ದರು. ಹಿಂದೆ ಹುಲ್ಲಿನ ಲಾರಿಯೊಂದು ದಾರಿ ಬಿಡೆಂದು ಬೊಬ್ಬೆ ಹೊಡೆಯುತ್ತಿತ್ತು. ಗೇರು ಬಿದ್ದ ಸದ್ದು ಕೇಳಿಸಿತು. ಎಂಥ ನಯವಾದ ಗೇರು, ಮೇಷ್ಟ್ರ ಕೈಯಲ್ಲಿ ಎಂದೂ ಹಾಗೆ ಬಿದ್ದಿರಲಿಲ್ಲ! ಕಣ್ಣು ತೆರೆದು ತಿರುಗಿದರೆ ಜೀಪು ಲಾರಿಗೆ ದಾರಿ ಬಿಡಲು ಹೊರಟು, ದಾರಿಯನ್ನೇ ಹಿಡಿದುಬಿಟ್ಟಿತ್ತು.

"ಮಂಗಳಾ! ನಿಲ್ಸೇ!"

"ನಿಲ್ಸಿದ್ರೆ ನಿಂತೋಗುತ್ತೆ ರೀ!" ಎಂಬ ಉತ್ತರ ಧೂಳಿನೊಳಗಿಂದ ಬಂತು. ಮೇಷ್ಟ್ರ ಮೊಬೈಲೂ ಧೂಳಿನೊಳಗೇ ಹೋಯಿತು, ಜೀಪಿನಲ್ಲಿ ದಾರಿ ತೋರಿಸುತ್ತ.

ಮುಕ್ಕಾಲು ಗಂಟೆ ನಿಂತ ಮೇಲೆ ಕೆಂಪು ಬಸ್ಸು ಬಂತು. ಕಂಡಕ್ಟರ್ ಕೇಳಿದ, "ಎಲ್ಲಿಗ್ ಸಾ?"

"ಲಡಾಖಿಗೆ ಅಂತ ಹೊರಟಿದ್ದೆ..."

"ಇದು ಮಧುಗಿರಿಗಂಟ ಅಷ್ಟೇ." ಮೇಷ್ಟ್ರು ಅಳು ತಡೆಯದೆ ಪೂರ್ತಿ ಕಥೆ ಹೇಳಿದರು. ಬಸ್ಸೇ ಕಿವಿಯಾಯಿತು. ಕಂಡಕ್ಟರ್ ಟಿಕೆಟ್ ಹರಿದು ಕೈಗಿಟ್ಟು ಮರುಗಿದ: "ಉಲ್ಟಾ ಮಾಡ್ಕಂಬುಟ್ರಲ್ಲ ಸಾ! ಹೆಂಗಸ್ರಿಗೆ ಬಸ್ಸು ಫ್ರೀ. ಅವರನ್ನ ಬಸ್ ಹತ್ಸಿ, ನೀವ್ ಜೀಪಲ್ಲಿ ಹೋಗೋದಲ್ವಾ?"

ಮನೆಯ ಮುಂದೆ ಜೀಪು ಇಳಿಜಾರಿಗೆ ಮೂತಿ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು, ನಾಳೆಗೆ ಸಿದ್ಧವಾಗಿ ನಿಂತಿತ್ತು. ಸರ್ವಮಂಗಳಾ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಮೇಷ್ಟ್ರು ಏದುಸಿರಿನಲ್ಲೇ ಕೈ ಎತ್ತಿ ಸಾರಿದರು: "ಗೆದ್ದೆ! ಯಾರೂ ತಳ್ಳಲಿಲ್ಲ, ಜೀಪು ಮನೆ ಸೇರಿತು! ಲಡಾಖಿಗೆ ಒಪ್ಪಿಗೆ ಕೊಡು!"

"ಕೊಟ್ಟಾಯ್ತು. ಜೀಪು ಮನೆ ಸೇರಿದ್ರೆ ಅಂತ ಮಾತು. ತಂದು ಸೇರಿಸಿದ್ದು ನಾನು. ಅದಕ್ಕೇ ಲೋಹಿತಾಗೂ ಫೋನ್ ಮಾಡಿದೆ. ಜೂನ್ ಒಂದಕ್ಕೆ ನಾವಿಬ್ಬರೂ ಹೊರಡ್ತೀವಿ."

ಮೇಷ್ಟ್ರ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. "ಮತ್ತೆ... ನಾನು?"

ಸರ್ವಮಂಗಳಾ ಗಂಡನ ತೋಳು, ಭುಜ, ಎದೆಯನ್ನು ಸಂತೆಯಲ್ಲಿ ಎತ್ತು ನೋಡುವವರಂತೆ ಒಮ್ಮೆ ನೋಡಿದರು.

"ನಿಮ್ಮನ್ನ ಬಿಟ್ಟು ಹೋಗ್ತೀವಾ ರೀ? ಅಲ್ಲೆಲ್ಲ ತಳ್ಳೋಕೆ ಜನ ಸಿಗಲ್ವಂತೆ!"