ಕೆಂಪಂಗಿಯವರು ಸೋತ ಮರುದಿನ

ಹಾಲಿನ ಪ್ಯಾಕೆಟ್ಟು ಹಿಡಿದು ಲಿಫ್ಟಿನೊಳಗೆ ಕಾಲಿಟ್ಟ ಸರ್ವೋತ್ತಮ ಶೆಟ್ಟರಿಗೆ ಕೆಳಗಿನ ಮಹಡಿಯ ಶಂಕರೆಪ್ಪ ಸಾವಿನ ಸುದ್ದಿ ಹೇಳುವವರ ದನಿಯಲ್ಲಿ ಹೇಳಿದರು:

"ಶೆಟ್ರ, ಮನಸ್ಸು ಗಟ್ಟಿ ಮಾಡ್ಕೋರಿ. ನಿನ್ನಿ ನಿಮ್ಮ ಕೆಂಪಂಗ್ಯಾವ್ರು ಐದು ಗೋಲ್ ತಿಂದಾರ."

"ಹೌದಾ?" ಎಂದರು ಶೆಟ್ಟರು. "ಈಚೆಗೆ ಹಾಲು ಸ್ವಲ್ಪ ನೀರಾಗಿದೆ ಅಲ್ವಾ ಶಂಕರೆಪ್ಪನವರೇ?"

ಶಂಕರೆಪ್ಪನ ಕೈಯಿಂದ ಪೇಪರು ಜಾರಿ ಬಿತ್ತು.

ಅವರು ಬೆಚ್ಚಿದ್ದರಲ್ಲಿ ತಪ್ಪಿಲ್ಲ. ಡೊಂಬಿವಲಿಯ ಎಂಐಡಿಸಿ ಬಡಾವಣೆಯ ಆ ಫ್ಲಾಟುಗಳ ಸೊಸೈಟಿಯಲ್ಲಿ ಶೆಟ್ಟರ ಫುಟ್ಬಾಲ್ ಭಕ್ತಿ ಗೊತ್ತಿಲ್ಲದವರಿಲ್ಲ. ಇಂಗ್ಲೆಂಡಿನ ಯಾವುದೋ ಊರಿನ ಕೆಂಪು ಅಂಗಿಯ ಕ್ಲಬ್ಬೇ ಅವರ ಕುಲದೇವರು. ಹಿಂದೆ ಠಾಣೆಯ ನೌಪಾಡಾದಲ್ಲಿ ಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದಾಗ, ಗೋಲು ಬಿದ್ದ ಖುಷಿಯಲ್ಲಿ ಗಿರಾಕಿಯ ಕಾಫಿಗೆ ಸಾಂಬಾರು ಸುರಿದವರು. ಕ್ಲಬ್ಬು ತನ್ನ ಗೋಲ್‌ಕೀಪರನ್ನು ಮಾರಿದಾಗ ಮನೆಯಲ್ಲಿ ಸೂತಕವೆಂದು ಹೇಳಿ ಆಫೀಸಿಗೆ ರಜೆ ಹಾಕಿದವರು. ಕೆಂಪಂಗಿಯವರು ಸೋತ ದಿನ ಅವರ ಮನೆಯ ಬೆಲ್ಲು ಒತ್ತಲು ಪೋಸ್ಟ್‌ಮ್ಯಾನ್ ಕೂಡ ಹೆದರುತ್ತಿದ್ದ.

ಮನೆಗೆ ಬಂದ ಶೆಟ್ಟರು ನೀರುದೋಸೆಯನ್ನು ಬೆಲ್ಲ-ಕಾಯಿಯಲ್ಲಿ ಅದ್ದಿ ಬಾಯಿಗಿಟ್ಟರು. ಹೆಂಡತಿ ವಿನೋದಾ ದೋಸೆ ಹಾಕಿಟ್ಟು, ತಲೆನೋವೆಂದು ಒಳಗೆ ಮಲಗಿದ್ದಳು. ಇನ್ನೊಂದು ದೋಸೆಗೆ ಕೈ ಚಾಚಿದಾಗ ಶೆಟ್ಟರ ಕೈ ಗಾಳಿಯಲ್ಲೇ ನಿಂತಿತು.

ಐದು ಗೋಲು! ತಾನು ದೋಸೆ ತಿನ್ನುತ್ತಿದ್ದೇನೆ!

ಎದೆ ಒತ್ತಿ ನೋಡಿಕೊಂಡರು. ಕಿತ್ತ ಹಲ್ಲಿನ ಜಾಗವನ್ನು ನಾಲಗೆ ತಡವುವ ಹಾಗೆ ಒಳಗೆಲ್ಲ ತಡವಿದರು. ನೋವೇ ಇಲ್ಲ. ಈಗಿನ ಗೋಲ್‌ಕೀಪರನ ಹೆಸರು ನೆನೆದರು. ನೆನಪಿಗೆ ಬಂದದ್ದು ಸೊಸೈಟಿಯ ಪ್ಲಂಬರನ ಹೆಸರು. ಶೆಟ್ಟರು ಬೆವರಿದರು. ಇಪ್ಪತ್ತರಲ್ಲಿ ಹಿಡಿದ ಹುಚ್ಚು ನಲವತ್ತೈದರಲ್ಲಿ ಹೇಳದೆ ಕೇಳದೆ ಬಿಟ್ಟುಹೋದರೆ ಮನುಷ್ಯ ಮುಟ್ಟಿ ಹಿಡಿಯುವುದಾದರೂ ಏನನ್ನು?

ಅಷ್ಟರಲ್ಲಿ ಶಂಕರೆಪ್ಪನ ಹೆಂಡತಿ ರತ್ನಾಬಾಯಿ ಬಿ.ಪಿ. ನೋಡುವ ಯಂತ್ರ ಹಿಡಿದು ಒಳಗೆ ನುಗ್ಗಿದರು.

"ಸೋತ ಮರುದಿನ ಹಾಲಿನ ಮಾತು ಆಡಿದಿರಂತ! ತೋಳು ಚಾಚ್ರಿ."

ಪಟ್ಟಿ ಬಿಗಿಯಿತು, ಸಡಿಲಿತು. ರತ್ನಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. "ಯವ್ವಾ! ನಾರ್ಮಲ್ ಐತಿ!"

"ನಾರ್ಮಲ್ಲ? ಹಂಗಾದ್ರ ದುಃಖ ಒಳಗೇ ಗಡ್ಡೆ ಕಟ್ಯಾದ," ಎಂದರು ಹಿಂದೆಯೇ ಬಂದ ಶಂಕರೆಪ್ಪ. "ಅದು ಭಾಳ ಡೇಂಜರ್. ಠಾಣೆಯ ಹೃಷೀಕೇಶಗ, ಕಲ್ಯಾಣದ ಶೇಖರಗ ಫೋನ್ ಹಚ್ಚೀನಿ. ಗೆಳ್ಯಾರು ಬಂದ್ರ ನಾಕು ಹನಿ ಕಣ್ಣೀರರ ಬರ್ತಾವ."

ಶೆಟ್ಟರು ಅರ್ಧ ದೋಸೆ ಬಿಟ್ಟು ಎದ್ದರು. ಹೃಷೀಕೇಶ, ಶೇಖರ ಎಂದರೆ ಅವರ ಜತೆ ಸೇರಿ ಕೆಂಪಂಗಿ ಬಳಗ ಕಟ್ಟಿದವರು. ಭಕ್ತಿ ಆರಿದ್ದು ಅವರಿಗೆ ತಿಳಿದರೆ ಮುಖ ತೋರಿಸುವುದು ಹೇಗೆ? ಅವರು ಬರುವ ಹೊತ್ತು ಹತ್ತಿರವಾದಾಗ, ದುಃಖದ ವೇಷವನ್ನಾದರೂ ಹಾಕೋಣವೆಂದು ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಮುಚ್ಚಿ, ಕಪಾಟಿನ ತಳದಿಂದ ಹಳೆಯ ಕೆಂಪು ಜೆರ್ಸಿ ಎಳೆದರು. ತಲೆ ಒಳಗೆ ಹೋಯಿತು, ಕೈಗಳು ಮೇಲೆದ್ದವು, ಅಲ್ಲಿಗೆ ನಿಂತಿತು. ಅಂಗಿ ಕೆಳಗಿಳಿಯದು, ಮೇಲೇರದು. ಬಾಟಲಿಯಲ್ಲಿ ಸಿಕ್ಕ ಬಿರಡೆಯಂತೆ ಶೆಟ್ಟರು ಕೋಣೆಯಿಡೀ ಸುತ್ತಿ ಗೋಡೆಗೆ ಬಡಿದುಕೊಂಡರು. ಸದ್ದು ಕೇಳಿ ಬಾಗಿಲು ತೆರೆದ ಶಂಕರೆಪ್ಪನಿಗೆ ಕಂಡದ್ದು ರುಂಡವಿಲ್ಲದ ಕೆಂಪು ಮುಂಡ.

"ಶೆಟ್ರ! ಒಂದು ಟೀಮಿನ ಸಲುವಾಗಿ ಜೀವಾ ಕೊಡ್ತೀರೇನ್ರಿ!"

ಅಂಗಿಯನ್ನು ಮೇಲಕ್ಕೆ ಶಂಕರೆಪ್ಪ ಎಳೆದರು, ಕೆಳಕ್ಕೆ ರತ್ನಾಬಾಯಿ ಎಳೆದರು. ಪರ್ರನೆ ಜೆರ್ಸಿ ಎರಡು ಹೋಳಾದ ಹೊತ್ತಿಗೆ ಸರಿಯಾಗಿ ಹೃಷೀಕೇಶನೂ ಶೇಖರನೂ ಬಾಗಿಲಲ್ಲಿ ನಿಂತಿದ್ದರು. ಹರಿದ ಕೆಂಪು ಬಟ್ಟೆ ಕಂಡು ಇಬ್ಬರ ಮುಖವೂ ಬಿಳುಚಿತು.

ನೆರೆಯವರು ಗೆಳೆಯರಿಗೆ ಜಾಗ ಬಿಟ್ಟು ಹೊರಗೆ ಹೋದರು. ಮೂವರೂ ಸೋಫಾದ ಮೇಲೆ ತಲೆ ತಗ್ಗಿಸಿ ಕೂತರು. ಕೊನೆಗೆ ಶೆಟ್ಟರಿಗೆ ತಡೆಯಲಾಗಲಿಲ್ಲ.

"ಕ್ಷಮಿಸಿ ಮಾರಾಯ್ರೆ. ನಂಗೆ ಎಂತದೂ ಆಗ್ಲಿಲ್ಲ. ಐದು ಗೋಲು ಅಂದ್ರೂ ಮನಸ್ಸು ಅಲ್ಲಾಡ್ಲಿಲ್ಲ. ಈಗೀಗ ಮ್ಯಾಚ್ ಹಾಕಿದ ಸ್ವಲ್ಪ ಹೊತ್ತಿಗೆ ನಿದ್ದೆ ಬರ್ತದೆ."

ಹೃಷೀಕೇಶ ಬಾಯಿ ತೆರೆದ. ಶೇಖರ ಕಣ್ಣು ಅಗಲಿಸಿದ. ಮರುಕ್ಷಣ ಹೃಷೀಕೇಶ ಶೆಟ್ಟರನ್ನು ತಬ್ಬಿಕೊಂಡ.

"ಬದುಕಿದೆ ಮಾರಾಯ! ನಾನು ನೋಡದೆ ಎರಡು ವರ್ಷ ಆಯ್ತು. ನೀನು ನೊಂದುಕೊಳ್ತೀಯಾಂತ ಪೇಪರು ಓದಿ ಫೋನು ಮಾಡ್ತಿದ್ದೆ!"

"ನಂಗೆ ಕೋಚ್ ಯಾರೂಂತಲೂ ಗೊತ್ತಿಲ್ಲ," ಎಂದ ಶೇಖರ. "ನಿಮಗೆ ಹೆದರಿ ಲೋಕಲ್ ಟ್ರೇನು ಹತ್ತಿ ಬಂದದ್ದು. ದಾರಿಯುದ್ದಕ್ಕೂ ಅಳುವ ಮುಖ ಪ್ರಾಕ್ಟೀಸು ಮಾಡಿದ್ದೇನೆ!"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇನ್ನು ಶನಿವಾರಗಳೆಲ್ಲ ತಮ್ಮವೇ, ಊಟ ಮಾಡಿ ಹಾಯಾಗಿ ಮಲಗುವುದೇ. ಬಳಗವನ್ನು ಈ ಕ್ಷಣವೇ ಬರ್ಖಾಸ್ತು ಮಾಡಿದ್ದೇವೆಂದು ಶೆಟ್ಟರು ಸೋಫಾದ ಕೈಗೆ ಗುದ್ದಿ ಘೋಷಿಸಿದರು.

"ನಾಚಿಕೆ ಆಗುದಿಲ್ವಾ ನಿಮಗೆ?"

ಮಲಗುವ ಕೋಣೆಯ ಬಾಗಿಲಲ್ಲಿ ವಿನೋದಾ ನಿಂತಿದ್ದಳು. ಕೂದಲು ಕೆದರಿತ್ತು. ಅತ್ತು ಅತ್ತು ಕಣ್ಣು ದಾಸವಾಳದ ಹಾಗಾಗಿತ್ತು.

"ತಲೆನೋವು ಜೋರುಂಟಾ?" ಎಂದರು ಶೆಟ್ಟರು.

"ಎಂತ ತಲೆನೋವು! ಲೆಫ್ಟ್ ಬ್ಯಾಕ್ ಕುಂಟ್ತಿದ್ದಾನೆ, ಅವನನ್ನು ಬದಲಿಸಿ ಅಂತ ಹಾಫ್ ಟೈಮಿಂದ ಬಡ್ಕೊಳ್ತಿದ್ದೆ. ಆ ಕೋಚಿಗೆ ಕಣ್ಣಿಲ್ಲ. ಐದು ಗೋಲೂ ಅದೇ ಕಡೆಯಿಂದ ಬಿತ್ತು!"

ಶೆಟ್ಟರ ದವಡೆ ಕೆಳಗಿಳಿಯಿತು. "ನೀನು... ನೋಡಿದ್ಯಾ?"

"ಮತ್ತೆ? ಒಮ್ಮೆ ನೀವು ಟಿವಿ ಹಾಕಿ ಗೊರಕೆ ಹೊಡೀತಿದ್ರಿ. ಆಫ್ ಮಾಡ್ಲಿಕ್ಕೆ ಬಂದವಳು ಒಂದು ಕಾರ್ನರ್ ಕಿಕ್ ನೋಡಿ ಹೋಗುವಾಂತ ನಿಂತೆ. ನಾಲ್ಕು ವರ್ಷ ಆಯ್ತು, ಒಂದು ಮ್ಯಾಚೂ ಬಿಟ್ಟಿಲ್ಲ. ಇಷ್ಟು ಪ್ರೀತಿಯ ಟೀಮು, ಗಂಡನ ಜತೆ ಒಂದು ದಿನ ಎಚ್ಚರವಾಗಿ ಕೂತು ನೋಡುವಾಂತ ಕಾಯ್ತಿದ್ದೆ. ನೀವು ನೋಡಿದ್ರೆ, ಸೋತ ಮರುದಿನವೇ ಟೀಮು ಬಿಟ್ಟು ಹಲ್ಲು ಕಿರಿಯುದಾ?"

ಶೇಖರ ಮೆಲ್ಲನೆ ಚಪ್ಪಲಿಯತ್ತ ಕಾಲು ಚಾಚಿದ.

"ಯಾರೂ ಏಳ್ಬಾರ್ದು!" ವಿನೋದಾ ಬಾಗಿಲಿನ ಚಿಲಕ ಹಾಕಿ ರಿಮೋಟು ಕೈಗೆತ್ತಿಕೊಂಡಳು. "ಮರುಪ್ರಸಾರ ಈಗ ಶುರು. ಮೂರೂ ಜನ ಪೂರ್ತಿ ನೋಡಿಯೇ ಹೋಗ್ಬೇಕು."

ಶಾಲೆಯ ಹಿಂದಿನ ಬೆಂಚಿನವರಂತೆ ಮೂವರೂ ಸೋಫಾದಲ್ಲಿ ಒತ್ತೊತ್ತಾಗಿ ಕೂತರು. ಪರದೆಯ ಮೇಲೆ ಯಾರ್‍ಯಾರೋ ಹುಡುಗರು ಓಡಿದರು. ಒಬ್ಬನ ಪರಿಚಯವೂ ಶೆಟ್ಟರಿಗಿಲ್ಲ. ಹೆಂಡತಿಯ ಕೋಪವನ್ನು ಹೇಗಾದರೂ ಇಳಿಸಬೇಕೆಂದು ಕಣ್ಣು ಅರಳಿಸಿ ಕಾದರು. ಚೆಂಡು ಬಲೆಗೆ ಬಿದ್ದದ್ದೇ ತಡ, ಎರಡೂ ಕೈಯೆತ್ತಿ ನೆಗೆದರು.

"ಗೋಲ್!"

ವಿನೋದಾ ತಿರುಗಿ ನೋಡಿದಳು. ಹೃಷೀಕೇಶ ಕಣ್ಣು ಮುಚ್ಚಿಕೊಂಡ.

"ಅದು ಅವರು ನಮಗೆ ಹೊಡೆದದ್ದು," ಎಂದಳು ತಣ್ಣಗೆ. "ಕೂತ್ಕೊಳ್ಳಿ. ಇನ್ನೂ ನಾಲ್ಕುಂಟು."