ಖುದ್ದು ಹಾಜರಾದ ನದಿ

ನದಿಯು ಸಂಸ್ಥೆಯ ಅಂದಾಜಿಗೆ ಅನುಗುಣವಾಗಿಯೇ ಹರಿಯತಕ್ಕದ್ದು ಎಂಬುದು ಜಲ ಸಂಶೋಧನಾ ಸಂಸ್ಥೆಯ ಇಪ್ಪತ್ತೊಂದನೆಯ ನಿಯಮ. ಈ ನಿಯಮ ನದಿಗೆ ಗೊತ್ತೇ ಇರಲಿಲ್ಲ ಎಂದು ಆಮೇಲೆ ಕೆಲವರು ವಾದಿಸಿದರು. ವಾದದಲ್ಲಿ ಹುರುಳಿಲ್ಲ. ನಿಯಮವನ್ನು ಅಚ್ಚು ಹಾಕಿಸಿ ಗೇಟಿನ ಪಕ್ಕದ ಸೂಚನಾ ಫಲಕದಲ್ಲಿ ಅಂಟಿಸಿ ಆರು ವರ್ಷವಾಗಿದೆ. ಫಲಕದ ಮುಖ ನದಿಯ ಕಡೆಗೇ ಇದೆ.

ಸಂಸ್ಥೆಯ ಮೂರಂತಸ್ತಿನ ಕಟ್ಟಡ ಇರುವುದು ದಂಡೆಯ ಮೇಲೆ, ಸೇತುವೆಗೆ ತಾಗಿಕೊಂಡು. ಸೇತುವೆಯ ಕಂಬಕ್ಕೆ ಐದು ಮೀಟರಿನ ಅಳತೆಪಟ್ಟಿಯೊಂದನ್ನು ಬಡಿದಿದ್ದಾರೆ. ದಿನಾ ಬೆಳಗ್ಗೆ ಮೂವತ್ತೆರಡು ಮೆಟ್ಟಿಲು ಇಳಿದು, ನೀರು ಯಾವ ಗೆರೆಗೆ ಬಂದಿದೆಯೆಂದು ನೋಡಿ, ಚೀಟಿಯಲ್ಲಿ ಬರೆದು ಕಚೇರಿಗೆ ಒಪ್ಪಿಸುವುದು ಒಬ್ಬ ಹೆಂಗಸಿನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೊಂದನ್ನೇ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಅಳತೆಯಮ್ಮ ಎಂದು ಕರೆಯುತ್ತಿದ್ದರು. ಮನೆಯವರೂ ಸಹ.

ಹೋದ ವರ್ಷ ಸಂಸ್ಥೆಗೆ ‘ಮಾದರಿ’ ಬಂತು. ಮಾದರಿಯೆಂದರೆ ಉಪಗ್ರಹದ ಚಿತ್ರ, ನಲವತ್ತು ವರ್ಷದ ಮಳೆ, ಮಣ್ಣಿನ ತೇವ ಎಲ್ಲವನ್ನೂ ನುಂಗಿ ನೀರುಕುಡಿದು, ನದಿಯ ನಾಳಿನ ಮಟ್ಟವನ್ನು ಇವತ್ತೇ ಹೇಳಿಬಿಡುವ ಕಂಪ್ಯೂಟರ್ ಲೆಕ್ಕಾಚಾರ. ನಿರ್ದೇಶಕರು ಏಳು ವರ್ಷ ಕೂತು ಅದನ್ನು ಕಟ್ಟಿದ್ದರು. ಮೇಲಿನ ಮಹಡಿಯಲ್ಲಿ ಅದಕ್ಕೊಂದು ತಂಪು ಕೋಣೆ. ಅದರ ಮುಂದೆ ಹಾಯುವಾಗ ನೌಕರರು ದನಿ ತಗ್ಗಿಸುತ್ತಿದ್ದರು; ಸೀನು ಬಂದರೆ ಕೆಳಗಿಳಿದು ಹೋಗಿ ಸೀನಿ ಬರುತ್ತಿದ್ದರು. ಪ್ರವಾಹದ ಸೈರನ್ನನ್ನೂ ಮಾದರಿಯ ಕೈಗೇ ಕೊಡಲಾಗಿತ್ತು. ನದಿ ನಾಲ್ಕು ಮೀಟರ್ ದಾಟುತ್ತದೆ ಎಂದು ಅದಕ್ಕೆ ಅನ್ನಿಸಿದರೆ ಸೈರನ್ ಕೂಗುತ್ತದೆ. ಅನ್ನಿಸದಿದ್ದರೆ ಇಲ್ಲ.

ಎಡೆಬಿಡದೆ ಮಳೆ ಸುರಿದ ವಾರದ ಸೋಮವಾರ ಮಾದರಿ ಎರಡು ಮೀಟರ್ ತೊಂಬತ್ತು ಎಂದಿತು. ಅಳತೆಯಮ್ಮನ ಚೀಟಿಯಲ್ಲಿ ನಾಲ್ಕು ಮೀಟರ್ ಹತ್ತು ಎಂದಿತ್ತು.

ನಿರ್ದೇಶಕರು ಆಕೆಯನ್ನು ಕರೆಸಿದರು. ಅವರು ಸೌಮ್ಯ ಸ್ವಭಾವದವರು. ಅಂಕಿ ತಪ್ಪಾದಾಗಲೂ ಅಂಕಿಯ ಮೇಲೆ ರೇಗುತ್ತಿರಲಿಲ್ಲ.

“ಕನ್ನಡಕ ಯಾವಾಗ ಬದಲಾಯಿಸಿದ್ರಿ ಅಮ್ಮಾ?”

“ಹೋದ ತಿಂಗಳು ಸಾರ್.”

“ಹಾಗಾದ್ರೆ ಹಳೇದನ್ನ ಹಾಕ್ಕೊಂಡು ಇನ್ನೊಂದ್ಸಲ ನೋಡಿ.”

“ಸಾರ್, ನನ್ನ ಕಣ್ಣು ಬೇಡ. ಈ ಕಿಟಕಿ ತೆಗೆದು ನೀವೇ ಒಂದ್ಸಲ ಬಗ್ಗಿ ನೋಡಿ.”

“ಕಿಟಕಿಯಿಂದ ನೋಡಿದ್ದು ದತ್ತಾಂಶ ಆಗಲ್ಲಮ್ಮ,” ಎಂದು ನಿರ್ದೇಶಕರು ಮೃದುವಾಗಿ ತಿಳಿಹೇಳಿದರು. “ಅದು ಬರೀ ನೋಟ.”

ವ್ಯತ್ಯಾಸದ ಮೂಲ ಹುಡುಕುವುದು ಕಷ್ಟವೇನೂ ಇರಲಿಲ್ಲ. ಮಾದರಿಯ ನಕ್ಷೆಯಲ್ಲಿ ಊರಿನ ಮೇಲ್ಗಡೆ ಎರಡು ದೊಡ್ಡ ಕೆರೆಗಳಿದ್ದವು. ಬಿದ್ದ ಮಳೆಯನ್ನೆಲ್ಲ ಅವು ಹಿಡಿದಿಟ್ಟುಕೊಳ್ಳುತ್ತಿದ್ದವು. ನೆಲದ ಮೇಲೆ ಆ ಜಾಗದಲ್ಲಿ ಒಂದು ಕಾರು ನಿಲ್ದಾಣವೂ ಒಂದು ಸಭಾಭವನವೂ ಎದ್ದು ಒಂಬತ್ತು ವರ್ಷವಾಗಿತ್ತು. ಆದರೆ ಎರಡೂ ಕೆರೆಗಳ ಹೂಳೆತ್ತುವ ಅನುದಾನ ವರ್ಷಾವರ್ಷ ತಪ್ಪದೆ ಬರುತ್ತಿದ್ದುದರಿಂದ, ಕೆರೆಗಳು ಇಲ್ಲವೆನ್ನಲು ಯಾರ ಬಳಿಯೂ ಆಧಾರವಿರಲಿಲ್ಲ.

ಅಳತೆಯಮ್ಮನಿಗೆ ಅವತ್ತು ಊಟ ಸೇರಲಿಲ್ಲ. ಸೇತುವೆಯ ಆಚೆ ಕೆಳಬೀದಿ. ಅಲ್ಲಿ ನಲವತ್ತಮೂರು ಮನೆ. ಮೂರನೆಯ ಮನೆಯಲ್ಲಿ ಆಕೆಯ ಅಕ್ಕ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಳು. ಸಂಜೆ ಅಲ್ಲಿಗೆ ಹೋಗಿ, “ಅಕ್ಕಾ, ಸಾಮಾನು ಕಟ್ಟು. ನೀರು ಬರುತ್ತೆ,” ಎಂದಳು.

ಅಕ್ಕ ಇಸ್ತ್ರಿಪೆಟ್ಟಿಗೆ ಕೆಳಗಿಡಲಿಲ್ಲ. “ನನಗೂ ಕಿವಿ ಇದೆ ಕಣೇ. ಹೊಳೆಯ ಸದ್ದು ಬದಲಾಗಿದೆ. ಆದ್ರೆ ಕಾಗದ ಎಲ್ಲಿ?”

“ಯಾವ ಕಾಗದ?”

“ಹೋದ ಸಲ ಕಾಗದ ಇಲ್ದೆ ಮನೆ ಬಿಟ್ಟ ಆರು ಸಂಸಾರ ನೆನಪಿಲ್ವಾ? ‘ಸ್ವಇಚ್ಛೆಯಿಂದ ತೆರವು’ ಅಂತ ಬರೆದು ನಗರಸಭೆಯವರು ಬೀಗ ಜಡಿದ್ರು. ತಮ್ಮ ಮನೆಗೆ ತಾವು ವಾಪಸ್ ಹೋಗೋಕೆ ಹನ್ನೊಂದು ತಿಂಗಳು ಅಲೆದ್ರು. ಈ ಬೀದೀಲಿ ಇನ್ನು ಯಾರೂ ನೀರಿಗೆ ಹೆದರಿ ಮನೆ ಬಿಡಲ್ಲಮ್ಮ. ನೀರು ಎರಡು ದಿನಕ್ಕೆ ಇಳಿಯುತ್ತೆ, ಕಚೇರಿ ಇಳಿಯಲ್ಲ.”

ಅಳತೆಯಮ್ಮ ಸೇತುವೆ ದಾಟಿ ಬಂದ ದಾರಿಯಲ್ಲೇ ವಾಪಸು ಹೋದಳು.

ಮಂಗಳವಾರ ವ್ಯತ್ಯಾಸ ಪರಿಶೀಲನಾ ಸಭೆ ಸೇರಿತು. ಐದು ಗಂಟೆ ನಡೆಯಿತು. ತಪ್ಪು ಮೂವರಲ್ಲಿ ಒಬ್ಬರದಿರಬೇಕು: ಅಳತೆಪಟ್ಟಿ, ಅಳತೆಯಮ್ಮ, ನದಿ. ಪಟ್ಟಿಯನ್ನು ಖರೀದಿಸಿದ್ದು ನಿರ್ದೇಶಕರು. ಆದ್ದರಿಂದ ಅದು ಸರಿಯಾಗಿತ್ತು. ಅಳತೆಯಮ್ಮನಿಗೆ ‘ತಪ್ಪಿಲ್ಲದ ನೌಕರಳು’ ಎಂಬ ಪ್ರಶಸ್ತಿಪತ್ರ ಕೊಟ್ಟು ಸಹಿ ಹಾಕಿದ್ದೂ ನಿರ್ದೇಶಕರೇ. ಆದ್ದರಿಂದ ಆಕೆಯೂ ಸರಿಯಾಗಿದ್ದಳು. ನದಿಯ ಬಗ್ಗೆ ಮಾತ್ರ ನಿರ್ದೇಶಕರು ಎಲ್ಲಿಯೂ ಸಹಿ ಮಾಡಿರಲಿಲ್ಲ. ಹೆಡ್ ಗುಮಾಸ್ತರು ಅಲ್ಲೇ ಕೂತು ನೋಟಿಸು ಬರೆದರು:

“ನದಿಗೆ ಕಾರಣ ಕೇಳಿ ನೋಟಿಸು. ತಾವು ಅಧಿಕೃತ ಮಟ್ಟಕ್ಕಿಂತ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಎತ್ತರದಲ್ಲಿ, ಪೂರ್ವಾನುಮತಿಯಿಲ್ಲದೆ, ಉದ್ದೇಶಪೂರ್ವಕವಾಗಿ ಹರಿಯುತ್ತಿರುವುದು ಗಮನಕ್ಕೆ ಬಂದಿರುತ್ತದೆ. ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಯೊಳಗೆ ಲಿಖಿತ ವಿವರಣೆ ಸಲ್ಲಿಸತಕ್ಕದ್ದು, ಇಲ್ಲವೇ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಏಕಪಕ್ಷೀಯ ನಿರ್ಣಯ ಕೈಗೊಳ್ಳಲಾಗುವುದು.”

ಸಂಸ್ಥೆಯಲ್ಲಿ ನದಿಯ ಮುಖ ಪರಿಚಯವಿದ್ದವಳು ಅಳತೆಯಮ್ಮ ಒಬ್ಬಳೇ ಆದ್ದರಿಂದ ನೋಟಿಸು ಜಾರಿ ಮಾಡುವ ಹೊಣೆ ಆಕೆಯ ಮೇಲೆ ಬಿತ್ತು. ಮೂವತ್ತೆರಡು ಮೆಟ್ಟಿಲಿನಲ್ಲಿ ಈಗ ಹನ್ನೆರಡೇ ಉಳಿದಿದ್ದವು. ಆಕೆ ಕಾಗದ ಚಾಚಿದಳು. ನದಿ ಕೈಯಿಂದ ಕಿತ್ತುಕೊಂಡಿತು. ಕಚೇರಿಯ ಪ್ರತಿಯೊಂದಿಗೆ ವಾಪಸು ಬಂದಳು.

“ಸ್ವೀಕೃತಿ ಸಹಿ?” ಗುಮಾಸ್ತರು ಕೇಳಿದರು.

“ಸಹಿ ಇಲ್ಲ ಸಾರ್. ನದಿ ಈ ಪ್ರತೀನ ಒದ್ದೆ ಮಾಡಿದೆ.”

ಗುಮಾಸ್ತರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. “ಹೆಬ್ಬೆಟ್ಟು ಅಂತ ಬರ್ಕೊಳ್ತೀನಿ.”

ಗುಮಾಸ್ತರ ಬಗ್ಗೆ ಒಂದು ಮಾತು ಹೇಳಬೇಕು. ಅವರಿಗೆ ಹೆಂಡತಿ ಮಕ್ಕಳ ಹುಟ್ಟಿದ ದಿನ ನೆನಪಿರುತ್ತಿರಲಿಲ್ಲ. ನಿಯಮಪುಸ್ತಕ ಮಾತ್ರ ಅಲ್ಪವಿರಾಮ ಸಮೇತ ಬಾಯಿಗೆ ಬರುತ್ತಿತ್ತು. ಅವರು ಹೆಬ್ಬೆಟ್ಟನ್ನು ದಾಖಲಿಸುವುದನ್ನು ನೋಡುತ್ತ ನಿಂತ ಅಳತೆಯಮ್ಮನಿಗೆ ಏನೋ ಹೊಳೆಯಿತು.

“ಸಾರ್, ವಿಚಾರಣೆ ಅಂದ್ಮೇಲೆ ಸಾಕ್ಷಿಗಳು ಬೇಡ್ವಾ?”

ಗುಮಾಸ್ತರ ಪೆನ್ನು ನಿಂತಿತು. ಮುಖದಲ್ಲಿ ಇಷ್ಟಿಷ್ಟೇ ಬೆಳಕು ಮೂಡಿತು. “ನಿಯಮ ಮೂವತ್ತನಾಲ್ಕು! ಆಪಾದಿತರ ನೆರೆಹೊರೆಯವರನ್ನ ಕಡ್ಡಾಯವಾಗಿ ವಿಚಾರಿಸಬೇಕು. ನದಿಗೆ ನೆರೆಯವರು ಯಾರು?”

“ಕೆಳಬೀದಿಯವರು ಸಾರ್. ನಲವತ್ತಮೂರು ಮನೆ.”

“ಎಲ್ಲರಿಗೂ ಸಮನ್ಸ್ ಕೊಡಿ.”

“ಮತ್ತೆ ಅವರ ಸಾಮಾನು? ನದಿಯಿಂದ ನೆಂದಿಲ್ಲ ಅಂತ ತೋರಿಸೋಕೆ, ಒಣಗಿರೋವಾಗ್ಲೇ…”

“ವಸ್ತುಸಾಕ್ಷ್ಯ!” ಎಂದು ಗುಮಾಸ್ತರು ಕೂಗಿದ ಕೂಗಿಗೆ ಮೇಲೆ ಮಾದರಿಯ ಕೋಣೆಯ ಬಾಗಿಲು ತೆರೆದು ಯಾರೋ “ಶ್!” ಎಂದರು. ಅವರು ದನಿ ತಗ್ಗಿಸಿ ಬರೆದುಕೊಂಡರು: “ಹಾಸಿಗೆ, ಬೀರು, ಒಲೆ, ಸಾಕುಪ್ರಾಣಿ ಇತ್ಯಾದಿಗಳನ್ನು ಒಣಸ್ಥಿತಿಯಲ್ಲಿ ಹಾಜರುಪಡಿಸತಕ್ಕದ್ದು. ನಡೆಯಲಾಗದ ಸಾಕ್ಷಿಗಳನ್ನು ಹೊತ್ತು ತರತಕ್ಕದ್ದು. ಸಾಕ್ಷಿಗಳ ಮನೆಗೆ ಸಾಕ್ಷ್ಯ ಮುಗಿಯುವವರೆಗೆ ಯಾವ ಇಲಾಖೆಯೂ ಬೀಗ ಹಾಕಕೂಡದು.”

ಕೊನೆಯ ವಾಕ್ಯವನ್ನು ಅಳತೆಯಮ್ಮ ಎರಡು ಸಲ ಓದಿದಳು. ಕಣ್ಣು ತುಂಬಿ ಬಂದಿದ್ದರಿಂದ ಎರಡನೆಯ ಸಲ ಸರಿಯಾಗಿ ಕಾಣಲಿಲ್ಲ.

ಬುಧವಾರ ಮಟ್ಟ ನಾಲ್ಕು ಮೀಟರ್ ಅರವತ್ತು. ಮಾದರಿ ಎರಡು ತೊಂಬತ್ತರಲ್ಲೇ ಇತ್ತು. ಅಳತೆಯಮ್ಮ ಸಮನ್ಸ್ ಕಟ್ಟು ಹಿಡಿದು ಕೆಳಬೀದಿಗೆ ಓಡಿದಳು.

“ಇಷ್ಟೆಲ್ಲಾ ಯಾಕೆ? ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಬೇಕಾ?” ಎಂದಳು ಅಕ್ಕ.

“ಹೊಳೆಗೆ ಬೇಡ ಅಕ್ಕ. ನಿನಗೆ ಬೇಕಿತ್ತಲ್ಲ, ತಗೋ.”

ಅಕ್ಕ ಮುದ್ರೆ ನೋಡಿದಳು, ಕಾಗದದ ಬೆನ್ನು ನೋಡಿದಳು, ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು. ಹೆದರಿಕೆಗೆ ಅಲ್ಲಾಡದ ಬೀದಿ ಸಮನ್ಸಿಗೆ ದಡಬಡ ಎದ್ದಿತು. ಬೀರುಗಳು ಬೀದಿಗೆ ಬಂದವು. ಮಲಗಿದಲ್ಲೇ ಇದ್ದ ಅಜ್ಜಿಯೊಬ್ಬರು ತಮ್ಮ ಹೆಸರು ಕಾಗದದಲ್ಲಿದೆ ಎಂದು ತಿಳಿದು ಒಳ್ಳೆ ಸೀರೆ ಕೇಳಿದರು. ಸೇತುವೆಯ ಮೇಲಿನ ಕ್ಷೌರಿಕ ಅಳತೆಯಮ್ಮನನ್ನು ತಡೆದು ನಿಲ್ಲಿಸಿ, “ನನಗ್ಯಾಕಿಲ್ಲ? ನಾನು ನದಿ ನೋಡಿಲ್ವಾ?” ಎಂದು ಜಗಳಕ್ಕೆ ಬಂದ. ಅವನಿಗೂ ಒಂದು ಬರೆದುಕೊಟ್ಟಳು.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಸಂಸ್ಥೆಯ ಮೇಲಿನೆರಡೂ ಮಹಡಿ ತುಂಬಿತ್ತು. ಗ್ರಂಥಾಲಯದಲ್ಲಿ ಹಾಸಿಗೆಗಳು, ಸಭಾಂಗಣದಲ್ಲಿ ಕೋಳಿಗಳು. ಮಾದರಿಯ ಕೋಣೆಯೆದುರು ಮೇಜು ಹಾಕಿಕೊಂಡ ಅಕ್ಕ, ಸುಮ್ಮನೆ ಕೂರಲಾರದೆ, ನಿರ್ದೇಶಕರ ಕೋಟಿಗೆ ಇಸ್ತ್ರಿ ಹಾಕಿದಳು. ಅವರು ಬೇಡವೆನ್ನಲಿಲ್ಲ.

ಹತ್ತು ನಲವತ್ತಕ್ಕೆ ನದಿ ಗೇಟು ದಾಟಿತು. ಕಾವಲುಗಾರ ಸಂದರ್ಶಕರ ಪುಸ್ತಕದಲ್ಲಿ ಬರೆದುಕೊಂಡ: ಹೆಸರು, ನದಿ, ಬಂದ ಕೆಲಸ, ವಿಚಾರಣೆ, ಕೈಯಲ್ಲಿರುವ ವಸ್ತು, ಒಂದು ಸೈಕಲ್, ಎರಡು ಬಾಗಿಲು. ಆಮೇಲೆ ಪುಸ್ತಕ ತಲೆಯ ಮೇಲೆ ಹೊತ್ತುಕೊಂಡು ಮಹಡಿ ಹತ್ತಿದ. ಇಪ್ಪತ್ತು ನಿಮಿಷ ಮುಂಚಿತವಾಗಿ ಬಂದದ್ದನ್ನು ನದಿಯ ಪರವಾಗಿ ದಾಖಲಿಸಲಾಯಿತು. ನದಿ ನಿರೀಕ್ಷಣಾ ಕೊಠಡಿಗೆ ಕಾಲಿಟ್ಟ ಕೂಡಲೇ ಕುರ್ಚಿಗಳೆಲ್ಲ ಎದ್ದವು. ಈ ಸಂಸ್ಥೆಯಲ್ಲಿ ಅಂಥ ಗೌರವ ಹಿಂದೆ ಯಾವ ಅತಿಥಿಗೂ ಸಿಕ್ಕಿರಲಿಲ್ಲ.

ವಿಚಾರಣೆ ಕಟ್ಟಡದೊಳಗೆ ಮಹಡಿಯ ಮೆಟ್ಟಿಲಿನ ಮೇಲೆ ನಡೆಯಿತು. ನಿರ್ದೇಶಕರು ಹದಿನೈದನೆಯ ಮೆಟ್ಟಿಲಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು, ನದಿ ಐದನೆಯದರಲ್ಲಿತ್ತು.

“ನದಿಯವರೇ, ತಮ್ಮ ಮೇಲಿನ ಆರೋಪ ತಮಗೆ ತಿಳಿದಿದೆಯಾ?”

ನದಿ ಗುಳುಗುಳು ಎಂದಿತು.

“ಅಲ್ಲಗಳೆಯಲಿಲ್ಲ,” ಎಂದು ಗುಮಾಸ್ತರು ಬರೆದರು.

“ತಮ್ಮ ಈಗಿನ ಮಟ್ಟ ಎಷ್ಟು?”

ನದಿ ಆರನೆಯ ಮೆಟ್ಟಿಲು ಹತ್ತಿತು.

“ಉತ್ತರ ಬದಲಾಯಿಸುತ್ತಿದ್ದಾರೆ,” ಎಂದು ಬರೆದರು.

ಸಾಕ್ಷಿಗಳ ಸರದಿ ಬಂತು. ಅಕ್ಕ ಮುಂದೆ ಬಂದು ನಿಂತಳು. “ನನ್ನ ಅಂಗಡಿ ಈ ಕಿಟಕಿಯಿಂದ ಕಾಣುತ್ತೆ ಸಾರ್. ಬೋರ್ಡು ಮಾತ್ರ ಕಾಣುತ್ತೆ. ಅದರಲ್ಲೂ ಮೇಲಿನ ಸಾಲು. ‘ಇಲ್ಲಿ ಬಟ್ಟೆ’ ಅನ್ನೋದು.”

ಯಾರೋ ನಕ್ಕರು. ನಗು ಮಹಡಿಯಿಂದ ಮಹಡಿಗೆ ಹಬ್ಬಿ, ಅಜ್ಜಿ ಕೆಮ್ಮುವವರೆಗೆ ನಿಲ್ಲಲಿಲ್ಲ. ಆ ಗದ್ದಲದ ನಡುವೆ ಅಳತೆಯಮ್ಮ ತಲೆ ಎಣಿಸುತ್ತಿದ್ದಳು. ನೂರ ಎಂಬತ್ತಾರು. ಮತ್ತೆ ಎಣಿಸಿದಳು. ನೂರ ಎಂಬತ್ತಾರೇ, ಕ್ಷೌರಿಕನೂ ಸೇರಿ, ಒಬ್ಬರೂ ಕಮ್ಮಿಯಿರಲಿಲ್ಲ. ಇದ್ದಲ್ಲೇ ಮೆಟ್ಟಿಲ ಮೇಲೆ ಕೂತಳು. ಅಕ್ಕ ಬಂದು ಪಕ್ಕದಲ್ಲಿ ಕೂತು, ಆಕೆಯ ಒದ್ದೆ ಸೆರಗು ಹಿಂಡಿದಳು.

ನಿರ್ದೇಶಕರು ಕೊನೆಯದಾಗಿ ಅಳತೆಯಮ್ಮನನ್ನು ಕೇಳಿದರು: “ಇವತ್ತಿನ ಅಳತೆ ಎಷ್ಟು?”

“ತಗೊಳ್ಳೋಕೆ ಆಗಿಲ್ಲ ಸಾರ್. ಪಟ್ಟಿ ಪೂರ್ತಿ ಮುಳುಗಿದೆ.”

ನಿರ್ದೇಶಕರು ಎದ್ದು ನಿಂತರು. ಇಸ್ತ್ರಿ ಹಾಕಿದ ಕೋಟು ಮಿರಿಮಿರಿ ಹೊಳೆಯುತ್ತಿತ್ತು. “ಅಂದ್ರೆ ಮಾದರಿಗೆ ವಿರುದ್ಧವಾದ ಯಾವ ಅಳತೆಯೂ ಇವತ್ತು ಇಲ್ಲ!”

“ಇಲ್ಲ ಸಾರ್.”

“ಹಾಗಾದ್ರೆ ವ್ಯತ್ಯಾಸವೂ ಇಲ್ಲ!”

ತೀರ್ಪು ಆ ಕ್ಷಣವೇ ಹೊರಬಿತ್ತು. ವ್ಯತ್ಯಾಸ ಶೂನ್ಯವಾದ್ದರಿಂದ ನದಿಯನ್ನು ಗೌರವಪೂರ್ವಕವಾಗಿ ಆರೋಪಮುಕ್ತಗೊಳಿಸಲಾಯಿತು. ಬಂದ ದಾರಿಯಲ್ಲೇ ಹಿಂದಿರುಗಲು ಅನುಮತಿಸಲಾಯಿತು. ಶನಿವಾರದ ಹೊತ್ತಿಗೆ ಅದು ಹಿಂದಿರುಗಿತು. ಕೆಳಬೀದಿಯವರು ಸಾಮಾನು ಹೊತ್ತು ಇಳಿದು, ಮನೆಯೊಳಗಿನ ಕೆಸರು ಬಳಿದು ಹೊರಹಾಕಿದರು. ಯಾವ ಬಾಗಿಲಿಗೂ ಬೀಗ ಬಿದ್ದಿರಲಿಲ್ಲ.

ಮಹಾಪ್ರವಾಹದ ದಿನವೂ ಒಂದು ಸೆಂಟಿಮೀಟರ್ ತಪ್ಪದ ಮಾದರಿಯ ಬಗ್ಗೆ ನಿರ್ದೇಶಕರ ಪ್ರಬಂಧ ಪ್ರಕಟವಾಗಿ, ಮೂರು ಸಮ್ಮೇಳನಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಷ್ಟಕಾಲದಲ್ಲಿ ನೀರು ಹಿಡಿದಿಟ್ಟುಕೊಂಡ ಎರಡು ಕೆರೆಗಳ ಸೇವೆಯನ್ನು ಮೆಚ್ಚಿ ಅವುಗಳ ಅನುದಾನವನ್ನು ದುಪ್ಪಟ್ಟು ಮಾಡಲಾಯಿತು. ಅಳತೆಯಮ್ಮನಿಗೆ ‘ಸಾಕ್ಷಿ ಸಮನ್ವಯಾಧಿಕಾರಿ’ ಎಂದು ಬಡ್ತಿ ಸಿಕ್ಕಿತು. ಸೈರನ್ನನ್ನು ಬಿಚ್ಚಿ ಗುಜರಿಗೆ ಹಾಕಿದರು.

ಈಗ ಪ್ರತಿ ಮಳೆಗಾಲದಲ್ಲಿ ನೀರು ನಾಲ್ಕು ಮೀಟರ್ ಮುಟ್ಟಿದರೆ ನದಿಗೊಂದು ನೋಟಿಸು, ಬೀದಿಗೆ ನಲವತ್ತಮೂರು ಸಮನ್ಸು, ಕ್ಷೌರಿಕನಿಗೆ ಪ್ರತ್ಯೇಕ ಒಂದು ಹೋಗುತ್ತವೆ. ಕೆಳಬೀದಿಯಲ್ಲಿ ಮನೆ ನೋಡಲು ಬಂದವರು ಗೋಡೆಯ ಮೇಲಿನ ಕಂದುಗೆರೆ ಕಂಡು, “ಇಲ್ಲಿ ನೀರು ಬರುತ್ತಾ?” ಎಂದು ಕೇಳುತ್ತಾರೆ.

“ಬರುತ್ತೆ,” ಎನ್ನುತ್ತಾಳೆ ಅಕ್ಕ. “ಆದ್ರೆ ಅದಕ್ಕಿಂತ ಮೊದಲು ಸಮನ್ಸ್ ಬರುತ್ತೆ.”

ಅವರಿಗೆ ಸಮಾಧಾನವಾಗುತ್ತದೆ. ಗಾಡಿಯಿಂದ ಸಾಮಾನು ಇಳಿಸತೊಡಗುತ್ತಾರೆ.